ಕೊನೆಯವನ ಕಪ್ಪು ಅಂಗಿ

ಭಾನುವಾರ ಬೆಳಗಿನ ಜಾವ ನಾಯಂಡಹಳ್ಳಿಯ ಕೂಡುರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸೇರುವ ಈ ಜಾಗದಲ್ಲಿ ಉಳಿದ ದಿನ ಉಸಿರಾಡುವುದೂ ಕಷ್ಟ. ಆದರೆ ಆ ಹೊತ್ತಿನಲ್ಲಿ ಲಾರಿಗಳ ಗದ್ದಲ ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಮೆಟ್ರೊ ಕಂಬಗಳ ನೆರಳಿನಲ್ಲಿ ನಾಲ್ಕೈದು ಮಂದಿಯ ಗುಂಪುಗಳು ಸೈಕಲ್ ಮೇಲೆ ಕೆಂಗೇರಿಯ ಕಡೆಗೆ ಸರ್ರನೆ ಸಾಗುತ್ತವೆ. ತಲೆಗೆ ಹೆಲ್ಮೆಟ್ಟು, ಮೈಗೆ ಅಂಟಿದ ಬಣ್ಣದ ಅಂಗಿ, ಸೀಟಿನ ಹಿಂದೆ ಮಿಣುಕುವ ಕೆಂಪು ದೀಪ. ಬಿಡದಿಯೋ ರಾಮನಗರವೋ ಅವರ ಗುರಿ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್‌ಗಳಿಗೆ ಪ್ರವೇಶ ನಿಷೇಧವಾದ ಮೇಲೆ ಸರ್ವೀಸ್ ರಸ್ತೆಯೇ ಇವರ ಪಾಲಿಗೆ ಉಳಿದಿರುವುದು.

ರಸ್ತೆ ಬದಿಯ ಚಹಾದಂಗಡಿಯ ಮುಂದೆ ಅಪ್ಪನ ಜೊತೆ ನಿಂತ ಹೈಸ್ಕೂಲು ಹುಡುಗನೊಬ್ಬನ ಕಣ್ಣು ಅಂಥ ಒಂದು ಸೈಕಲ್ಲಿನ ಮೇಲೆ ಬಿತ್ತು ಎನ್ನಿ. ಕಪ್ಪು ಫ್ರೇಮು, ಅದರ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು.

‘ಅಪ್ಪಾ, ಪಿನರೆಲ್ಲೊ ಅಂದ್ರೆ ಏನು?’

‘ಯಾವುದೋ ಫಾರಿನ್ ಕಂಪನಿ ಇರಬೇಕು ಕಣೋ. ಹತ್ತು ಲಕ್ಷ ದಾಟುತ್ತಂತೆ ಅಂಥಾವು. ನೀನು ಟ್ಯೂಷನ್ನಿಗೆ ಹೊರಡು, ಹೊತ್ತಾಯ್ತು.’

ಅಪ್ಪ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆ ಹೆಸರಿನ ದುಬಾರಿ ಮಾದರಿಗಳು ಹತ್ತು ಲಕ್ಷ ರೂಪಾಯಿಯನ್ನು ಸಲೀಸಾಗಿ ದಾಟುತ್ತವೆ. ಆದರೆ ಕಂಪನಿಗೆ ಮುಂಚೆ ಅದು ಒಬ್ಬ ಮನುಷ್ಯನ ಹೆಸರಾಗಿತ್ತು. ಇಟಲಿಯ ಅತಿ ದೊಡ್ಡ ಸೈಕಲ್ ಸ್ಪರ್ಧೆಯಲ್ಲಿ ಕಟ್ಟಕಡೆಯ ಸ್ಥಾನ ಪಡೆದು, ಅದರ ಗುರುತಿಗೆ ಕಪ್ಪು ಅಂಗಿ ತೊಟ್ಟವನ ಹೆಸರು.

ಜೊವಾನ್ನಿ ಪಿನರೆಲ್ಲೊ ಹುಟ್ಟಿದ್ದು 1922ರ ಜುಲೈ 10ರಂದು, ಇಟಲಿಯ ಈಶಾನ್ಯ ಭಾಗದ ಟ್ರೆವಿಸೊ ಪಟ್ಟಣದ ಪಕ್ಕದ ವಿಲ್ಲೋರ್ಬಾ ಎಂಬ ಊರಿನಲ್ಲಿ. ಮನೆಯಲ್ಲಿ ಹನ್ನೆರಡು ಮಕ್ಕಳು, ಈತ ಎಂಟನೆಯವನು. ಆಪ್ತರು ಕರೆಯುತ್ತಿದ್ದದ್ದು ‘ನಾನಿ’ ಎಂದು. ನಮ್ಮ ಕಿವಿಗೂ ಪರಿಚಿತವಾದ ಮುದ್ದಿನ ಹೆಸರು. ಹನ್ನೆರಡು ಮಕ್ಕಳ ಸಂಸಾರದಲ್ಲಿ ಓದು ಎಷ್ಟು ದೂರ ಹೋದೀತು? ಹದಿನೈದನೆಯ ವಯಸ್ಸಿಗೆ ಟ್ರೆವಿಸೊದ ಪಾಲಿಯಾಂತಿ ಎಂಬ ಸೈಕಲ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಹಗಲು ಸೈಕಲ್ ಜೋಡಿಸುವುದು, ಬಿಡುವಾದಾಗ ಸೈಕಲ್ ತುಳಿಯುವುದು. ಊರೂರಿನ ಹವ್ಯಾಸಿ ಪಂದ್ಯಗಳಲ್ಲಿ ಅರವತ್ತರ ಹತ್ತಿರ ಗೆಲುವುಗಳು ಕೂಡಿಕೊಂಡ ಮೇಲೆ, 1947ರಲ್ಲಿ, ಇಪ್ಪತ್ತೈದು ತುಂಬುವ ಹೊತ್ತಿಗೆ ವೃತ್ತಿಪರ ಸವಾರನಾದ.

ಅರವತ್ತು ಪಂದ್ಯ ಗೆದ್ದವನು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ತಾಲ್ಲೂಕಿಗೇ ಮೊದಲ ರ‍್ಯಾಂಕ್ ಬಂದ ಹುಡುಗ ಬೆಂಗಳೂರಿನ ಕಾಲೇಜಿಗೆ ಸೇರಿ ಮೊದಲ ಟೆಸ್ಟಿನಲ್ಲಿ ತನ್ನ ಅಂಕ ನೋಡಿ ಬೆಪ್ಪಾಗುವುದಿಲ್ಲವೇ? ನಾನಿಗೆ ಆದದ್ದೂ ಅದೇ. ಅವನು ಕಾಲಿಟ್ಟ ಕಾಲವಾದರೂ ಎಂಥದ್ದು! ಒಂದು ಕಡೆ ಜೀನೊ ಬಾರ್ತಾಲಿ, ಇನ್ನೊಂದು ಕಡೆ ಫೌಸ್ತೊ ಕೊಪ್ಪಿ. ಇಟಲಿಯ ಮನೆಮನೆಯಲ್ಲಿ ಒಬ್ಬರು ಬಾರ್ತಾಲಿ ಕಡೆ, ಇನ್ನೊಬ್ಬರು ಕೊಪ್ಪಿ ಕಡೆ. ಇವರಿಬ್ಬರ ಜೊತೆಗೆ ಮೂರನೆಯವನಾಗಿ ಫಿಯೊರೆಂಜೊ ಮಾನ್ಯಿ. ಈ ಮೂವರ ಕಾಲದಲ್ಲಿ ಉಳಿದ ಸವಾರರ ಹೆಸರು ಪತ್ರಿಕೆಯಲ್ಲಿ ಬರುವುದೇ ಅಪರೂಪವಾಗಿತ್ತು.

ಆ ಸ್ಪರ್ಧೆಯ ಹೆಸರು ಜಿರೊ ಡಿ ಇಟಾಲಿಯಾ. ಕಿವಿಗೆ ಸೊನ್ನೆಯ ಹಾಗೆ ಕೇಳಿದರೂ ‘ಜಿರೊ’ ಎಂದರೆ ಅವರ ಭಾಷೆಯಲ್ಲಿ ಸುತ್ತು. ಇಡೀ ಹೆಸರಿನ ಅರ್ಥ ಇಟಲಿಯ ಸುತ್ತು. 1909ರಲ್ಲಿ ಇದನ್ನು ಶುರು ಮಾಡಿದ್ದು ‘ಗಜೆಟ್ಟಾ ದೆಲ್ಲೊ ಸ್ಪೋರ್ಟ್’ ಎಂಬ ಕ್ರೀಡಾ ಪತ್ರಿಕೆ. ಆ ಪತ್ರಿಕೆ ಅಚ್ಚಾಗುವುದು ಗುಲಾಬಿ ಕಾಗದದ ಮೇಲೆ. ಆದ್ದರಿಂದ 1931ರಿಂದ ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವನಿಗೆ ಗುಲಾಬಿ ಅಂಗಿ. ದಿನಕ್ಕೊಂದು ಹಂತ, ಒಂದೂರಿನಿಂದ ಇನ್ನೊಂದೂರಿಗೆ. ಪ್ರತಿಯೊಬ್ಬನಿಗೂ ತಗುಲಿದ ಸಮಯವನ್ನು ದಿನದಿನವೂ ಕೂಡುತ್ತಾ ಹೋಗುತ್ತಾರೆ. ಕೊನೆಯಲ್ಲಿ ಯಾರ ಮೊತ್ತ ಎಲ್ಲಕ್ಕಿಂತ ಕಡಿಮೆಯೋ ಅವನು ಗೆದ್ದ. 1951ರ ಜಿರೊದಲ್ಲಿ ಇಪ್ಪತ್ತು ಹಂತಗಳು, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ನಾಯಂಡಹಳ್ಳಿಯಿಂದ ಸೈಕಲ್ ಹತ್ತಿ ಮೈಸೂರಿಗೆ ಹದಿನೈದು ಸಲ ಹೋಗಿ ಬಂದ ಹಾಗೆ. ನಡುವೆ ಆಲ್ಪ್ಸ್ ಪರ್ವತದ ಕಣಿವೆಗಳು, ಮಣ್ಣಿನ ರಸ್ತೆಗಳು, ಮಳೆ, ಹಿಮ. ನಮ್ಮ ನಂದಿಬೆಟ್ಟದ ತಿರುವುಗಳು ಅಲ್ಲಿಯ ಏರುಗಳ ಮುಂದೆ ಮಕ್ಕಳಾಟ.

ಇಷ್ಟು ದೂರವನ್ನು ಒಬ್ಬನೇ ತುಳಿದು ಗೆಲ್ಲಲು ಆಗದು. ಮುಂದಿನ ಸವಾರನ ಬೆನ್ನಿಗೆ ಅಂಟಿಕೊಂಡು ಹೋದರೆ ಎದುರುಗಾಳಿ ಅವನ ಮೇಲೆ ಬಿದ್ದು ಹಿಂದಿನವನಿಗೆ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಬಸ್ಸಿನ ಹಿಂದೆ ಸೈಕಲ್ ಹೊಡೆದವರಿಗೆ ಇದು ಗೊತ್ತು, ಮನೆಯಲ್ಲಿ ಹೇಳಿರುವುದಿಲ್ಲ ಅಷ್ಟೆ! ಹೀಗಾಗಿ ಪ್ರತಿ ತಂಡದಲ್ಲೂ ಒಬ್ಬ ನಾಯಕ. ಉಳಿದವರೆಲ್ಲ ಅವನಿಗೆ ಗಾಳಿ ತಡೆಯುವವರು. ನಾಯಕನಿಗೆ ನೀರು ತರುವುದು ಇವರ ಕೆಲಸ. ಅವನ ಚಕ್ರ ಪಂಚರ್ ಆದರೆ ತಮ್ಮ ಚಕ್ರವನ್ನೇ ಬಿಚ್ಚಿ ಕೊಟ್ಟು ರಸ್ತೆ ಬದಿಯಲ್ಲಿ ಕೂರಬೇಕು. ಇಟಲಿಯಲ್ಲಿ ಇಂಥವರನ್ನು ‘ಗ್ರೆಗಾರಿಯೊ’ ಎನ್ನುತ್ತಾರೆ. ಸಂಬಳಕ್ಕೆ ದುಡಿಯುವವರು. ಅವರ ಸ್ವಂತ ಸಮಯವನ್ನು ಯಾರು ನೋಡಬೇಕು?

ಯುದ್ಧ ಮುಗಿದ ಮರುವರ್ಷ, ಅಂದರೆ 1946ರಲ್ಲಿ, ಜಿರೊ ಸಂಘಟಕರು ಇವರ ಕಡೆಗೂ ನೋಡಿದರು. ಎಲ್ಲರಿಗಿಂತ ಕೊನೆಯಲ್ಲಿರುವವನಿಗೆ ಕಪ್ಪು ಅಂಗಿ. ಜೊತೆಗೆ ಬಹುಮಾನ. ತಮಾಷೆಯೂ ಹೌದು, ಸಮಾಧಾನವೂ ಹೌದು. ಆದರೆ ಲೆಕ್ಕ ಬಲ್ಲವರು ಯೋಚಿಸಿ ನೋಡಿ: ನಲವತ್ತನೇ ಸ್ಥಾನಕ್ಕೆ ಏನೂ ಇಲ್ಲ, ಐವತ್ತನೆಯದಕ್ಕೂ ಇಲ್ಲ, ಕೊನೆಯದಕ್ಕೆ ಮಾತ್ರ ಹಣವಿದೆ. ಆಗ ಏನಾಗಬಹುದು?

ಆದದ್ದೇನೆಂದು ತೋರಿಸಿದವನು ಲುಯಿಜಿ ಮಲಬ್ರೊಕ್ಕ. ಕೊಪ್ಪಿಯ ಊರಿನ ಕಡೆಯವನೇ, ತೊರ್ತೊನಾ ಪಟ್ಟಣದವನು. ಕೆಟ್ಟ ಸವಾರನಂತೂ ಅಲ್ಲ. 1947ರಲ್ಲಿ ಪ್ಯಾರಿಸ್–ನಾಂತ್ ಪಂದ್ಯವನ್ನೂ ಮರುವರ್ಷ ಕೊಪ್ಪಾ ಅಗೊಸ್ತೋನಿಯನ್ನೂ ಗೆದ್ದವನು. ಕೆಸರು ಗದ್ದೆಗಳಲ್ಲಿ ಸೈಕಲ್ ಹೊತ್ತು ಓಡುವ ಸ್ಪರ್ಧೆಯಲ್ಲಿ 1951 ಮತ್ತು 1953ರಲ್ಲಿ ಇಟಲಿಯ ಚಾಂಪಿಯನ್ ಆದ. ಆದರೆ ಜಿರೊದಲ್ಲಿ ಬಾರ್ತಾಲಿ, ಕೊಪ್ಪಿಯರ ಮುಂದೆ ತನ್ನ ಆಟ ನಡೆಯದು ಎಂದು ಬೇಗನೆ ಅರ್ಥಮಾಡಿಕೊಂಡ. ಮೇಲೆ ಜಾಗವಿಲ್ಲ ಎಂದರೆ ಕೆಳಗೆ ಹುಡುಕಬಾರದೇಕೆ? 1946ರಲ್ಲಿ ವಿಜೇತ ಬಾರ್ತಾಲಿಗಿಂತ ನಾಲ್ಕು ಗಂಟೆಗೂ ಹೆಚ್ಚು ಹಿಂದೆ ಬಂದು ಕಪ್ಪು ಅಂಗಿ ತೊಟ್ಟ. ಮರುವರ್ಷ ಕೊಪ್ಪಿ ಗೆದ್ದಾಗ ಈತ ಐದು ಗಂಟೆಗೂ ಹೆಚ್ಚು ಹಿಂದೆ. ಮತ್ತೆ ಕಪ್ಪು ಅಂಗಿ. ಜನ ಇವನನ್ನು ಹಚ್ಚಿಕೊಂಡರು. ಹಣದ ಜೊತೆಗೆ ಅಭಿಮಾನಿಗಳು ತಿನ್ನುವ ಕುಡಿಯುವ ಉಡುಗೊರೆಗಳನ್ನೂ ಕಳಿಸುತ್ತಿದ್ದರಂತೆ.

ಕೊನೆಯವನಾಗುವುದು ಸುಲಭ ಎಂದುಕೊಂಡರೆ ತಪ್ಪು. ಪ್ರತಿ ಹಂತಕ್ಕೂ ಒಂದು ಗಡುವು ಇರುತ್ತದೆ: ಆ ದಿನ ಗೆದ್ದವನ ಸಮಯದ ಮೇಲೆ ಶೇಕಡಾ ಇಷ್ಟು ಎಂದು. ಉದಾಹರಣೆಗೆ, ಗೆದ್ದವನಿಗೆ ಆರು ಗಂಟೆ ಹಿಡಿಯಿತು, ಗಡುವು ಶೇಕಡಾ ಹತ್ತು ಎಂದಿಟ್ಟುಕೊಳ್ಳಿ. ಮೂವತ್ತಾರು ನಿಮಿಷದೊಳಗೆ ಬರಬೇಕು. ಮೂವತ್ತೇಳಾದರೆ ಸ್ಪರ್ಧೆಯಿಂದಲೇ ಹೊರಗೆ, ಕಪ್ಪು ಅಂಗಿಯೂ ಇಲ್ಲ. ಅಂದರೆ ಇನ್ನೂ ರಸ್ತೆಯಲ್ಲಿರುವಾಗಲೇ, ಮುಂದಿನವರ ವೇಗವನ್ನು ಊಹಿಸಿ, ಎಷ್ಟು ಹೊತ್ತು ಸುಮ್ಮನೆ ಕೂರಬಹುದು ಎಂದು ಲೆಕ್ಕ ಹಾಕಬೇಕು. ಮಲಬ್ರೊಕ್ಕ ಅದರಲ್ಲಿ ನಿಸ್ಸೀಮ. ದಾರಿ ಬದಿಯ ಹೋಟೆಲುಗಳಲ್ಲಿ, ಕೊಟ್ಟಿಗೆಗಳಲ್ಲಿ, ಬೇಲಿಯ ಮರೆಯಲ್ಲಿ ಅಡಗಿ ಕೂರುತ್ತಿದ್ದ. ಬೇಕೆಂದೇ ಟಯರಿಗೆ ಪಂಚರ್ ಮಾಡಿಕೊಳ್ಳುತ್ತಿದ್ದ. ಒಮ್ಮೆ ಹೊಲದ ನೀರಿನ ತೊಟ್ಟಿಯಲ್ಲಿ ಅಡಗಿದ್ದವನನ್ನು ಕಂಡ ರೈತ, ಇಲ್ಲೇನು ಮಾಡುತ್ತಿದ್ದೀಯ ಎಂದು ಗದರಿದಾಗ, ಜಿರೊ ಓಡಿಸುತ್ತಿದ್ದೇನೆ ಎಂದನಂತೆ. ಕಥೆಗೆ ಒಂದಿಷ್ಟು ಬಣ್ಣ ಹತ್ತಿರಬಹುದು, ಇರಲಿ.

1949ರಲ್ಲಿ ಅವನಿಗೆ ಪ್ರತಿಸ್ಪರ್ಧಿ ಹುಟ್ಟಿಕೊಂಡ. ಸಾಂತೆ ಕರೊಲ್ಲೊ. ಈತನಿಗೆ ನಟನೆಯ ಅಗತ್ಯವೇ ಇರಲಿಲ್ಲ. ತಂಡಕ್ಕೆ ಬದಲಿಯಾಗಿ ಬಂದವನು ನಿಜವಾಗಿಯೇ ನಿಧಾನ. ಇಬ್ಬರೂ ಒಬ್ಬರಿಗಿಂತ ಒಬ್ಬರು ಹಿಂದುಳಿಯಲು ಹೆಣಗಿದರು. ಕೊನೆಯ ದಿನ ಮಲಬ್ರೊಕ್ಕ ಉಳಿದ ಸಮಯವನ್ನೆಲ್ಲ ಕಳೆಯಲು ಹೋಟೆಲೊಂದರಲ್ಲಿ ಹಾಯಾಗಿ ಕೂತ. ಎಷ್ಟು ಹೊತ್ತು ಎಂದರೆ, ಅವನು ಮುಗಿಯುವ ಗೆರೆ ತಲುಪುವ ಹೊತ್ತಿಗೆ ಗಡಿಯಾರ ಹಿಡಿದ ಅಧಿಕಾರಿಗಳು ಕಾದು ಬೇಸತ್ತು ಮನೆಗೆ ಹೋಗಿಬಿಟ್ಟಿದ್ದರು. ಅವನಿಗೆ ಗುಂಪಿನ ಜೊತೆ ಬಂದವರ ಸಮಯವನ್ನೇ ಬರೆದಾಗಿತ್ತು! ಕೊಪ್ಪಿಗಿಂತ ಹತ್ತು ಗಂಟೆಯಷ್ಟು ಹಿಂದುಳಿದ ಕರೊಲ್ಲೊಗೆ ಕಪ್ಪು ಅಂಗಿ ಸಿಕ್ಕಿತು. ಅತಿಬುದ್ಧಿವಂತಿಕೆಗೆ ಬಿದ್ದ ದಂಡ.

ಈ ಸಾಲಿನ ಕೊನೆಯವನು ಜೊವಾನ್ನಿ ಪಿನರೆಲ್ಲೊ. 1951ರ ಮೇ 19ರಂದು ಮಿಲಾನ್‌ನಿಂದ ಹೊರಟ ಸವಾರರಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಂದಿ ದಾರಿಯಲ್ಲೇ ಕೈಚೆಲ್ಲಿದರು. ಉಳಿದವರು ಜೂನ್ 10ರಂದು ಮತ್ತೆ ಮಿಲಾನ್ ಸೇರಿದರು. ಮೇಲ್ತುದಿಯಲ್ಲಿ ಮಾನ್ಯಿ, ಎರಡನೆಯವನಾದ ಬೆಲ್ಜಿಯಂನ ರಿಕ್ ವಾನ್ ಸ್ಟೀನ್‌ಬರ್ಗನ್‌ಗೂ ಅವನಿಗೂ ಇದ್ದ ಅಂತರ ಎರಡು ನಿಮಿಷಕ್ಕೂ ಕಡಿಮೆ. ಕೆಳತುದಿಯಲ್ಲಿ ಪಿನರೆಲ್ಲೊ. ಮರುವರ್ಷದಿಂದ ಆ ಅಂಗಿಯೇ ಇಲ್ಲವಾಯಿತು.

ಇಲ್ಲಿ ಒಂದು ಮಾತು. ಮನೆಗೆ ಬಂದ ಪ್ರೋಗ್ರೆಸ್ ಕಾರ್ಡಿನಲ್ಲಿ ‘ತರಗತಿಯಲ್ಲಿ ಸ್ಥಾನ’ ಎಂಬ ಚೌಕದಲ್ಲಿ ಕೊನೆಯ ಸಂಖ್ಯೆ ಇದ್ದರೆ ಅಪ್ಪ ಅಮ್ಮ ನೋಡುವುದು ಆ ಸಂಖ್ಯೆಯನ್ನೇ. ಆ ಸಂಖ್ಯೆ ಸುಳ್ಳೂ ಅಲ್ಲ. ಪಿನರೆಲ್ಲೊನ ವಿಷಯದಲ್ಲೂ ಸುಳ್ಳಲ್ಲ. ಮಾನ್ಯಿಯ ಮಟ್ಟದ ಸವಾರ ಅವನು ಯಾವತ್ತೂ ಆಗುತ್ತಿರಲಿಲ್ಲ. ಕಾಲಿನ ಶಕ್ತಿಗೆ ಒಂದು ಮಿತಿ ಇದೆ, ಅದನ್ನು ಛಲದಿಂದ ದಾಟಿದ ಎಂದು ಇಲ್ಲಿ ಕಥೆ ಕಟ್ಟುವಂತಿಲ್ಲ, ಏಕೆಂದರೆ ಆತ ದಾಟಲಿಲ್ಲ. ಆದರೆ ಆ ಪಟ್ಟಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಪಟ್ಟಿಯಲ್ಲಿದ್ದ ಸವಾರರಲ್ಲಿ ಹೆಚ್ಚಿನವರು ಸೈಕಲ್ ತುಳಿಯಬಲ್ಲವರು. ಈತ ಹದಿನೈದನೇ ವಯಸ್ಸಿನಿಂದ ಸೈಕಲ್ ಮಾಡಬಲ್ಲವನು. ಸಮಯ ಬರೆಯುವ ಅಧಿಕಾರಿ ಅದನ್ನು ಬರೆದುಕೊಳ್ಳಲು ಯಾವ ಅಂಕಣವೂ ಇರಲಿಲ್ಲ.

1952 ಬಂತು. ಪಿನರೆಲ್ಲೊ ಆಗ ಬೊಟ್ಟೆಕ್ಕಿಯಾ ತಂಡದಲ್ಲಿದ್ದ. ಟೂರ್ ಡಿ ಫ್ರಾನ್ಸ್ ಗೆದ್ದ ಮೊದಲ ಇಟಲಿಯವನಾದ ಒಟ್ಟಾವಿಯೊ ಬೊಟ್ಟೆಕ್ಕಿಯಾನ ಹೆಸರಿನ ಸೈಕಲ್ ಕಂಪನಿಯ ತಂಡ ಅದು. ಜಿರೊಗೆ ತಂಡದಲ್ಲಿ ಇಂತಿಷ್ಟೇ ಜಾಗ. ಪಸ್ಕ್ವಾಲೆ ಫೊರ್ನಾರ ಎಂಬ ಬೆಳೆಯುತ್ತಿರುವ ಸವಾರನಿಗೆ ಒಂದು ಜಾಗ ಬೇಕಾಗಿತ್ತು. ಯಾರನ್ನು ತೆಗೆಯುವುದು? ಹೋದ ವರ್ಷ ಕೊನೆಯಲ್ಲಿ ಬಂದವನನ್ನು. ನೀನು ಬಿಟ್ಟುಕೊಡು, ಬದಲಿಗೆ ಒಂದು ಲಕ್ಷ ಲೀರಾ ಕೊಡುತ್ತೇವೆ ಎಂದರು.

ಒಂದು ಲಕ್ಷ ಎಂದಾಕ್ಷಣ ಕಣ್ಣರಳಿಸಬೇಡಿ. ಆ ದಿನಗಳಲ್ಲಿ ಒಂದು ಡಾಲರಿಗೆ ಸುಮಾರು 625 ಲೀರಾ. ಅದೇ ಡಾಲರಿಗೆ ನಮ್ಮಲ್ಲಿ ನಾಲ್ಕು ರೂಪಾಯಿ ಹನ್ನೆರಡು ಆಣೆ. ಲೆಕ್ಕ ಮಾಡಿದರೆ 160 ಡಾಲರ್, ಅಂದಿನ 760 ರೂಪಾಯಿ. ಮೂವತ್ತು ಸಮೀಪಿಸಿದ, ಓದಿಲ್ಲದ, ಐದು ವರ್ಷ ಗ್ರೆಗಾರಿಯೊ ಆಗಿ ದುಡಿದವನಿಗೆ ಸಿಕ್ಕ ಲೆಕ್ಕ ಚುಕ್ತಾ ಅದು. ಒಂದು ಕಡೆ ಅವಮಾನ, ಇನ್ನೊಂದು ಕಡೆ ಕೈಯಲ್ಲಿ ಒಟ್ಟಿಗೆ ಬಂದ ಇಷ್ಟು ಹಣ. ಮನೆ ಖರ್ಚಿಗೆ ಬಳಸಿದ್ದರೆ ಯಾರೂ ಬೈಯುತ್ತಿರಲಿಲ್ಲ. ಇನ್ನೊಂದು ತಂಡ ಹುಡುಕಿ ಮತ್ತೆ ನಾಲ್ಕು ವರ್ಷ ಯಾರಿಗೋ ನೀರು ಹೊತ್ತಿದ್ದರೂ ಆಗುತ್ತಿತ್ತು. ಪಿನರೆಲ್ಲೊ ಆ ಹಣ ಹಿಡಿದು ಟ್ರೆವಿಸೊಗೆ ಬಂದು ಸೈಕಲ್ ಅಂಗಡಿ ಇಟ್ಟ.

ಅಂಗಡಿ ಎಂದರೆ ಮೊದಮೊದಲು ನಮ್ಮ ಬಡಾವಣೆಗಳ ಸೈಕಲ್ ಶಾಪಿಗಿಂತ ಬಹಳ ಬೇರೆಯೇನಲ್ಲ ಎಂದುಕೊಳ್ಳಬಹುದು: ರಿಪೇರಿ, ಮಾರಾಟ, ಅದರ ಜೊತೆಗೆ ಕೇಳಿದವರಿಗೆ ಅಳತೆ ತೆಗೆದು ಫ್ರೇಮ್ ಮಾಡಿಕೊಡುವುದು. ಈ ಕೊನೆಯ ಕೆಲಸವೇ ಅವನನ್ನು ಎತ್ತಿದ್ದು. ಆ ಕಾಲದ ಫ್ರೇಮ್ ಎಂದರೆ ತೆಳು ಉಕ್ಕಿನ ಕೊಳವೆಗಳು. ಒಂದರ ತುದಿ ಇನ್ನೊಂದರ ಗುಂಡು ಮೈಗೆ ಸರಿಯಾಗಿ ಕೂರುವ ಹಾಗೆ ಅರದಿಂದ ಉಜ್ಜಬೇಕು. ಕೂಡುವ ಜಾಗಕ್ಕೆ ಉಕ್ಕಿನ ತೋಳು ಹಾಕಿ, ಬೆಂಕಿಯಲ್ಲಿ ಕಾಯಿಸಿ, ಕರಗಿದ ಹಿತ್ತಾಳೆಯನ್ನು ಸಂದಿಗೆ ಹರಿಸಬೇಕು. ಶಾಖ ಕಡಿಮೆಯಾದರೆ ಹಿತ್ತಾಳೆ ಒಳಗೆ ಇಳಿಯುವುದಿಲ್ಲ. ಹೆಚ್ಚಾದರೆ ಉಕ್ಕಿನ ಸತ್ವ ಹೋಗಿ ಮುಂದೊಂದು ದಿನ ಇಳಿಜಾರಿನಲ್ಲಿ ಮುರಿಯುತ್ತದೆ. ಹ್ಯಾಂಡಲಿನ ಕೆಳಗಿನ ಕೊಳವೆ 73 ಡಿಗ್ರಿಯ ಆಸುಪಾಸಿನಲ್ಲಿ ವಾಲಿರಬೇಕು. ಒಂದು ಡಿಗ್ರಿ ಆ ಕಡೆ ಈ ಕಡೆಯಾದರೂ ಸೈಕಲ್ಲಿನ ಗುಣವೇ ಬದಲಾಗುತ್ತದೆ: ಒಂದು ಚುರುಕಾಗಿ ತಿರುಗುತ್ತದೆ, ಇನ್ನೊಂದು ನೇರವಾಗಿ ಓಡಲು ಇಷ್ಟಪಡುತ್ತದೆ. ಸವಾರನ ಕಾಲಿನ ಉದ್ದ, ತೋಳಿನ ಉದ್ದ, ಅವನು ಬೆಟ್ಟ ಹತ್ತುವವನೋ ಬಯಲಿನಲ್ಲಿ ಓಡುವವನೋ, ಎಲ್ಲಕ್ಕೂ ಬೇರೆ ಬೇರೆ ಅಳತೆ.

ನಾಲ್ಕು ಸಾವಿರ ಕಿಲೋಮೀಟರನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಸೀಟಿನ ಮೇಲೆ ಕೂತು ಮುಗಿಸಿದವನು ಇಂಥ ಅಳತೆ ತೆಗೆಯುತ್ತಾನೆ ಎಂದರೆ ಗಿರಾಕಿಗೆ ಅದಕ್ಕಿಂತ ಒಳ್ಳೆಯ ಭರವಸೆ ಬೇಕೇ? ಗೆಲ್ಲುವವನು ಬೇಗ ಇಳಿದು ಮಾಲೆ ಹಾಕಿಸಿಕೊಳ್ಳುತ್ತಾನೆ. ಸೊಂಟ ಎಲ್ಲಿ ನೋಯುತ್ತದೆ, ಕೈ ಯಾವಾಗ ಜೋಮು ಹಿಡಿಯುತ್ತದೆ ಎಂಬುದು ಹಿಂದಿನವನಿಗೇ ಹೆಚ್ಚು ಗೊತ್ತು.

ಆದರೂ ಮರುದಿನವೇ ಅದೃಷ್ಟ ತೆರೆಯಿತು ಎಂದೇನಲ್ಲ. ಪಿನರೆಲ್ಲೊ ಹೆಸರಿನ ಸೈಕಲ್ ಮೇಲೆ ಮೊದಲ ಬಾರಿಗೆ ಜಿರೊ ಗೆದ್ದವನು ಫೌಸ್ತೊ ಬೆರ್ತೋಲ್ಯೊ, 1975ರಲ್ಲಿ. ಅಂದರೆ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿದ ಮೇಲೆ. ಎಸ್ಸೆಸ್ಸೆಲ್ಸಿಯಿಂದ ಎರಡನೇ ಪಿಯುಸಿಗೆ ಎರಡು ವರ್ಷ ಕಾಯುವುದೇ ಯುಗವೆನಿಸುವ ಮನೆಗಳಲ್ಲಿ ಈ ಸಂಖ್ಯೆಯನ್ನು ಒಮ್ಮೆ ಗಟ್ಟಿಯಾಗಿ ಓದಬಹುದು.

ಹಾಗಾದರೆ ಪಿನರೆಲ್ಲೊನನ್ನು ಸರಿಸಿ ಜಾಗ ಪಡೆದ ಫೊರ್ನಾರ ಏನಾದ? ತಂಡದವರ ಎಣಿಕೆ ತಪ್ಪಾಗಿರಲಿಲ್ಲ. ಅವನು ಸ್ವಿಟ್ಜರ್ಲೆಂಡಿನ ಸುತ್ತನ್ನು ನಾಲ್ಕು ಸಲ ಗೆದ್ದ ದೊಡ್ಡ ಸವಾರ. ಜಿರೊ ಮಾತ್ರ ಒಲಿಯಲಿಲ್ಲ. 1956ರಲ್ಲಿ ಗುಲಾಬಿ ಅಂಗಿ ಅವನ ಮೈಮೇಲೇ ಇತ್ತು, ಮುಗಿಯಲು ಕೆಲವೇ ದಿನಗಳಿದ್ದವು. ಜೂನ್ 8ರಂದು ಬೊಂಡೋನೆ ಬೆಟ್ಟದ ಮೇಲೆ ಹಿಮಪಾತ ಶುರುವಾಯಿತು. ಬೆರಳು ಮರಗಟ್ಟಿ, ಬ್ರೇಕ್ ಹಿಡಿಯಲಾರದೆ ಸವಾರರು ಸಾಲುಸಾಲಾಗಿ ಸೈಕಲ್ ಇಳಿದರು. ಗುಲಾಬಿ ಅಂಗಿಯ ಫೊರ್ನಾರನೂ ಇಳಿದುಬಿಟ್ಟ. ಆ ದಿನ ಗೆದ್ದ ಲಕ್ಸೆಂಬರ್ಗಿನ ಶಾರ್ಲಿ ಗೌಲ್ ಮುಂದೆ ಆ ಜಿರೊವನ್ನೂ ಗೆದ್ದ. ಅದೇ ಜೂನ್‌ನಲ್ಲಿ ಟ್ರೆವಿಸೊದ ಅಂಗಡಿಯಲ್ಲಿ ಕೆಲಸ ನಡೆದೇ ಇತ್ತು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬರೋಣ. ರಸ್ತೆ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಅಮೆರಿಕದ ಅಲೆಕ್ಸಿ ಗ್ರೇವಾಲ್‌ನ ತಂದೆ ಪಂಜಾಬಿನಿಂದ ವಲಸೆ ಹೋದ ಸಿಖ್. ಕೊನೆಯ ಕೆಲವು ಮೀಟರುಗಳಲ್ಲಿ ಕೆನಡಾದ ಸ್ಟೀವ್ ಬಾವರ್‌ನನ್ನು ಹಿಂದಿಕ್ಕಿದ ಅವನು ತುಳಿದದ್ದು ಪಿನರೆಲ್ಲೊ ಫ್ರೇಮಿನ ಸೈಕಲ್. ಆಮೇಲೆ ಓಟ ನಿಲ್ಲಲಿಲ್ಲ. 1988ರಲ್ಲಿ ಸ್ಪೇನಿನ ಪೆಡ್ರೊ ಡೆಲ್ಗಾಡೊ ಟೂರ್ ಡಿ ಫ್ರಾನ್ಸ್ ಗೆದ್ದ. 1991ರಿಂದ 1995ರವರೆಗೆ ಅದೇ ತಂಡದ ಮಿಗೆಲ್ ಇಂಡುರೈನ್ ಸತತ ಐದು ಸಲ. ಮುಂದಿನ ಶತಮಾನದಲ್ಲಿ ಬ್ರಿಟನ್ನಿನ ವಿಗಿನ್ಸ್, ಫ್ರೂಮ್, ಥಾಮಸ್, 2019ರಲ್ಲಿ ಕೊಲಂಬಿಯಾದ ಎಗಾನ್ ಬೆರ್ನಾಲ್. ಇವರೆಲ್ಲರ ಸೈಕಲ್ಲಿನ ಮೇಲೂ 1951ರ ಪಟ್ಟಿಯ ಕೆಳತುದಿಯಲ್ಲಿದ್ದ ಹೆಸರೇ.

ನಮ್ಮ ರಾಜ್ಯದಲ್ಲೂ ಸೈಕಲ್ ಸ್ಪರ್ಧೆ ಎಂದರೆ ಬೆವರಿನ, ಹೊಟ್ಟೆಪಾಡಿನ ಮಾತು. ನಾಯಂಡಹಳ್ಳಿಯ ಭಾನುವಾರದ ಸವಾರರಲ್ಲಿ ಹೆಚ್ಚಿನವರಿಗೆ ಸೋಮವಾರ ಬೇರೆ ಕೆಲಸ ಇರುತ್ತದೆ. ಆದರೆ ರಾಷ್ಟ್ರಮಟ್ಟದಲ್ಲಿ ಕರ್ನಾಟಕಕ್ಕೆ ಹೆಸರು ತಂದವರಲ್ಲಿ ಬಹುಪಾಲು ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳ ಮಕ್ಕಳು. ಸರ್ಕಾರದ ಕ್ರೀಡಾ ವಸತಿ ನಿಲಯದಲ್ಲೋ ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾಶಾಲೆಯಲ್ಲೋ ಬೆಳೆದವರು. ಪದಕ ಬಂದರೆ ರೈಲ್ವೆಯಲ್ಲೋ ಸೇನೆಯಲ್ಲೋ ಒಂದು ನೌಕರಿ. ಮನೆಯವರ ಲೆಕ್ಕ ಅದು, ಅದನ್ನು ಸಣ್ಣದೆನ್ನುವಂತಿಲ್ಲ. ವೃತ್ತಿಯಾಗಿ ರಸ್ತೆಗಿಳಿದವರು ವಿರಳ. ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನೆಲೆಸಿ ಸವಾರನಾದ ನವೀನ್ ಜಾನ್ 2016ರ ಅಕ್ಟೋಬರ್‌ನಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ಗೆ ಇಳಿದರು. ಒಬ್ಬೊಬ್ಬರಾಗಿ, ಯಾರ ಬೆನ್ನ ಮರೆಯೂ ಇಲ್ಲದೆ, ಗಡಿಯಾರದ ಜೊತೆ ಮಾತ್ರ ಸೆಣಸುವ ಸ್ಪರ್ಧೆ ಅದು. ಗೆದ್ದವನು ಜರ್ಮನಿಯ ಟೋನಿ ಮಾರ್ಟಿನ್. ಯೂರೋಪಿನ ಮಕ್ಕಳು ಹತ್ತು ಹನ್ನೆರಡನೇ ವಯಸ್ಸಿಗೇ ಸ್ಪರ್ಧೆಗೆ ಇಳಿದಿರುತ್ತಾರೆ. ಈತ ಸ್ಪರ್ಧೆಯ ಸೈಕಲ್ ಹತ್ತಿದ್ದೇ ಅಮೆರಿಕದಲ್ಲಿ ಕಾಲೇಜು ಓದುತ್ತಿದ್ದಾಗ. ಅಂಥವರ ನಡುವೆ ಪಟ್ಟಿಯ ಕೆಳಭಾಗದಲ್ಲಿ ಹೆಸರು ಬರೆಸುವುದಕ್ಕೂ ಮೊದಲು ಅಲ್ಲಿಗೆ ತಲುಪಬೇಕಷ್ಟೆ.

ಪಿನರೆಲ್ಲೊ ಮುಪ್ಪಿನವರೆಗೂ ಟ್ರೆವಿಸೊ ಬಿಡಲಿಲ್ಲ. ಮನೆಯಲ್ಲಿ ಎಲ್ಲವೂ ಸುಖವೇ ಆಗಿರಲಿಲ್ಲ. 2011ರ ಆಗಸ್ಟ್ 3ರಂದು, ತಂದೆಯ ಜೊತೆ ದುಡಿಯುತ್ತಿದ್ದ ಮಗ ಆಂಡ್ರೆಯಾ ಸೈಕಲ್ ಸ್ಪರ್ಧೆಯೊಂದರಲ್ಲಿ ಪಾಲ್ಗೊಂಡಿದ್ದಾಗ ಹೃದಯಾಘಾತದಿಂದ ತೀರಿಕೊಂಡ. ಅವನಿಗಿನ್ನೂ ನಲವತ್ತು. ತಂದೆಗೆ ಆಗ ಎಂಬತ್ತೊಂಬತ್ತು. ಇನ್ನೊಬ್ಬ ಮಗ ಫೌಸ್ತೊ ಕಂಪನಿಯ ಹೊಣೆ ಹೊತ್ತ. ಉಕ್ಕಿನ ಕೊಳವೆಗಳ ಕಾಲ ಮುಗಿದು ಕಾರ್ಬನ್ ಬಂದಾಗಿತ್ತು. ತೊಂಬತ್ತೆರಡು ವರ್ಷದ ನಾನಿ 2014ರ ಸೆಪ್ಟೆಂಬರ್ 4ರಂದು ಕಣ್ಣು ಮುಚ್ಚಿದ. 2017ರಲ್ಲಿ ಕಂಪನಿಯ ಹೆಚ್ಚಿನ ಪಾಲು ಹೊರಗಿನ ಬಂಡವಾಳಗಾರರ ಕೈಸೇರಿತು, 2023ರಲ್ಲಿ ಮತ್ತೊಬ್ಬರಿಗೆ ಮಾರಾಟವಾಯಿತು. ಒಂದು ಲಕ್ಷ ಲೀರಾದ ಕಥೆಯನ್ನೂ ಕಪ್ಪು ಅಂಗಿಯ ಕಥೆಯನ್ನೂ ಕಂಪನಿ ಇಂದಿಗೂ ಮುಚ್ಚಿಡುವುದಿಲ್ಲ. ತನ್ನ ಚರಿತ್ರೆಯನ್ನು ಅಲ್ಲಿಂದಲೇ ಶುರು ಮಾಡುತ್ತದೆ.

ಒಂಬತ್ತು ಗಂಟೆಗೆ ನಾಯಂಡಹಳ್ಳಿಯಲ್ಲಿ ಬಿಸಿಲು ಚುರುಗುಟ್ಟುತ್ತದೆ. ಬಿಡದಿಗೆ ಹೋದವರು ಒಬ್ಬೊಬ್ಬರಾಗಿ ಹಿಂತಿರುಗುತ್ತಾರೆ, ಬೆಳಗಿನ ಗುಂಪು ಈಗ ಚೆದುರಿರುತ್ತದೆ. ಟ್ಯೂಷನ್ ಮುಗಿಸಿದ ಹುಡುಗ ತನ್ನ ಹಳೇ ಸೈಕಲ್ಲನ್ನು ತಳ್ಳಿಕೊಂಡು ಪಂಚರ್ ಅಂಗಡಿಗೆ ಬಂದಿದ್ದಾನೆ. ಹಿಂದಿನ ಚಕ್ರ ಬೆಂಡಾಗಿದೆ. ಅಂಗಡಿಯವನು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚಕ್ರ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಕಡ್ಡಿಗಳನ್ನು ಒಂದೊಂದಾಗಿ ಬಿಗಿಯುತ್ತಿದ್ದಾನೆ.

‘ಅಣ್ಣಾ, ಯಾವ ಕಡ್ಡಿ ಬಿಗಿ ಮಾಡ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ?’

‘ಇಲ್ಲಿ ಬಾ, ಕೂತ್ಕೋ. ಬ್ರೇಕ್ ಕಟ್ಟೆ ಹತ್ರ ನೋಡು. ಚಕ್ರ ಎಲ್ಲಿ ಉಜ್ಜುತ್ತೋ ಅಲ್ಲಿ ಬೆರಳಿಡು.’